ಪದಚರ್ಚೆ: ಪಾತ್ರದ ‘ದೃಷ್ಟಿಕೋನ’ ಮತ್ತು ಅದು ದೃಶ್ಯದ ನಡುವೆ ಜಿಗಿಯುವ ದೋಷ

ಪ್ರಶ್ನೆ

ಮಾನ್ಯರೇ, ಕಥೆ ಬರೆಯುವವರಿಗಾಗಿ ಇರುವ ಕೈಪಿಡಿಯೊಂದನ್ನು ಇಂಗ್ಲಿಷಿನಿಂದ ಅನುವಾದಿಸುತ್ತಿದ್ದೇನೆ. ಹಲವು ಪಾತ್ರಗಳ ಒಳಮನಸ್ಸನ್ನು ಒಂದೇ ಕಾದಂಬರಿಯಲ್ಲಿ ನಿಭಾಯಿಸುವ ಅಧ್ಯಾಯ ಸೋಮವಾರ ಅಚ್ಚಿಗೆ ಹೋಗಬೇಕಾಗಿದೆ. ‘ಪಾಯಿಂಟ್ ಆಫ್ ವ್ಯೂ’ಗೆ, ಅಂದರೆ ಕಥೆ ಯಾವ ಪಾತ್ರದ ಕಣ್ಣು–ಮನಸ್ಸಿನ ಮೂಲಕ ಕಾಣುತ್ತದೆ ಎಂಬುದಕ್ಕೆ, ಈವರೆಗೆ ‘ದೃಷ್ಟಿಕೋನ’ ಎಂದು ಬರೆದಿದ್ದೆ. ಆದರೆ ‘ತಂಗಿಯ ದೃಷ್ಟಿಕೋನದ ಅಧ್ಯಾಯ’ ಎಂದರೆ ಓದುಗರು ಅದನ್ನು ತಂಗಿಯ ಅಭಿಪ್ರಾಯ ಎಂದೇ ತಿಳಿಯುತ್ತಾರೆ. ‘ಹೆಡ್ ಹಾಪಿಂಗ್’ (ದೃಶ್ಯದ ನಡುವೆಯೇ ಒಂದು ಪಾತ್ರದ ಮನಸ್ಸಿನಿಂದ ಇನ್ನೊಂದರ ಮನಸ್ಸಿಗೆ ಜಿಗಿಯುವ ದೋಷ) ಇನ್ನೂ ತೊಡಕಿನದು. ಉದಾಹರಣೆಗೆ: “ಕದ ತೆರೆದ ತಂಗಿಗೆ ಅಣ್ಣನ ಮುಖ ಕಂಡೊಡನೆ ಎದೆ ಧಸಕ್ಕೆಂದಿತು. ಸುದ್ದಿ ಇವಳಿಗೆ ಆಗಲೇ ತಿಳಿದಿರಬಹುದೆ ಎಂದು ಅವನು ಅಳುಕಿದ.” ಎರಡನೆಯ ವಾಕ್ಯಕ್ಕೆ ಬರುವಷ್ಟರಲ್ಲಿ ನಾವು ಅಣ್ಣನ ತಲೆಯೊಳಗಿದ್ದೇವೆ. ‘ತಲೆಜಿಗಿತ’ ಎಂದರೆ ನಗೆಪಾಟಲು. ‘ಮನೋಜಿಗಿತ’ ಆದೀತೆ? ಇನ್ನೊಂದು ಮಾತು: ‘ನಾನು’ ಎಂದು ಹೇಳುವ ಕಥನವನ್ನು ‘ಪ್ರಥಮ ಪುರುಷ ನಿರೂಪಣೆ’ ಎಂದು ಕರೆದಿದ್ದೇನೆ.

ಉತ್ತರ 1

ಆಗದು. ‘ಮನೋಜಿಗಿತ’ ಅರಿಸಮಾಸ, ಅಂದರೆ ಸಂಸ್ಕೃತ ಪದಕ್ಕೆ ಕನ್ನಡ ಪದವನ್ನು ಬೆಸೆದ ದೋಷ; ವೈಯಾಕರಣ ಕೇಶಿರಾಜ 13ನೆಯ ಶತಮಾನದಲ್ಲೇ ತೀರ್ಮಾನಿಸಿದ ವಿಷಯವನ್ನು ಮತ್ತೆ ಕೆದಕುವುದು ಬೇಡ. ನಮ್ಮ ವ್ಯಾಕರಣದಲ್ಲಿ ‘ನಾನು’ ಉತ್ತಮ ಪುರುಷ, ‘ಅವನು’ ಪ್ರಥಮ ಪುರುಷ. ಇಂಗ್ಲಿಷಿನ ಎಣಿಕೆಯನ್ನು ಹಾಗೆಯೇ ಇಳಿಸಿಕೊಂಡು ನೀವು ಇಡೀ ಅಧ್ಯಾಯವನ್ನು ತಲೆಕೆಳಗು ಮಾಡಿದ್ದೀರಿ. ‘ದೃಷ್ಟಿಕೋನ’ವನ್ನೂ ಬಿಡಿ. ಸಂಸ್ಕೃತದ ‘ಕೋಣ’ ಕನ್ನಡದಲ್ಲಿ ‘ಕೋನ’ವಾದದ್ದು ನಮ್ಮ ಕೋಣಕ್ಕೆ ಹೆದರಿಯೇ ಎಂಬುದು ನನ್ನ ಬಹುಕಾಲದ ಊಹೆ. ಆಡು–ಆಟ, ಓಡು–ಓಟ ಇರುವಂತೆ ನೋಡು–ನೋಟ ಇರುವಾಗ ಎರವಲೇಕೆ? ‘ತಂಗಿಯ ನೋಟ’ ಎನ್ನಿ.

ಉತ್ತರ 2

ಎರವಲು ಬೇಡವೆನ್ನುವವರು ‘ಕಾದಂಬರಿ’ಯನ್ನು ಏನು ಮಾಡುತ್ತಾರೆ? ಅದು 7ನೆಯ ಶತಮಾನದ ಬಾಣಭಟ್ಟನ ಸಂಸ್ಕೃತ ಗದ್ಯಕಾವ್ಯದ ನಾಯಕಿಯ ಹೆಸರು. ನಾವು ಅದನ್ನೇ ಒಂದು ಪ್ರಕಾರದ ಹೆಸರಾಗಿಸಿಕೊಂಡೆವು, ಯಾರಿಗೂ ನಷ್ಟವಾಗಲಿಲ್ಲ. ಬರೆಯುವವರ ಬಾಯಲ್ಲಿ ಇರುವುದು ‘ಪಾಯಿಂಟ್ ಆಫ್ ವ್ಯೂ’ವಿನ ಮೊಟಕು ರೂಪ ‘ಪಿಓವಿ’. ಅದನ್ನೇ ಅಚ್ಚು ಮಾಡಿ.

ಉತ್ತರ 1

ಬಾಯಲ್ಲಿ ಇರುವುದೆಲ್ಲ ಅಚ್ಚಿಗೆ ಯೋಗ್ಯವಲ್ಲ.

ಉತ್ತರ 3

ಇಬ್ಬರೂ ಪ್ರಶ್ನೆಯನ್ನು ಬಿಟ್ಟು ಹೋಗಿದ್ದೀರಿ. ಫ್ರೆಂಚ್ ವಿಮರ್ಶಕ ಜೆರಾರ್ ಜೆನೆಟ್ 1972ರಲ್ಲಿ ‘ಯಾರು ನೋಡುತ್ತಾರೆ’ ಎಂಬುದನ್ನು ‘ಯಾರು ಹೇಳುತ್ತಾರೆ’ ಎಂಬುದರಿಂದ ಬಿಡಿಸಿ ತೋರಿಸಿದರು. ಮೇಲೆ ಹೇಳಿದ ಬಾಣನ ಕೃತಿಯಲ್ಲೇ, ಋಷಿಯಿಂದ ಕೇಳಿದ್ದನ್ನು ಗಿಳಿ ರಾಜನಿಗೆ ಹೇಳುತ್ತದೆ. ಹೇಳುವ ದನಿ ಗಿಳಿಯದಾದ ಮಾತ್ರಕ್ಕೆ ನೋಡುವ ಕಣ್ಣೂ ಅದರದೇ ಆಗಬೇಕಾಗಿಲ್ಲ. ಆದ್ದರಿಂದ ‘ನೋಟ’, ‘ದನಿ’ ಎಂಬ ಜೋಡಿ ನನಗೆ ಒಪ್ಪಿಗೆ, ಅದು ಅಚ್ಚಗನ್ನಡ ಎಂಬ ಕಾರಣಕ್ಕಲ್ಲ. ‘ಪರಕಾಯ ಪ್ರವೇಶ’ ಎಂದು ಯಾರಾದರೂ ಸೂಚಿಸುವ ಮೊದಲೇ ಹೇಳಿಬಿಡುತ್ತೇನೆ: ನಮ್ಮ ವಿಮರ್ಶೆಯಲ್ಲಿ ಅದು ಹೊಗಳಿಕೆ, ದೋಷದ ಹೆಸರಲ್ಲ.

ದೋಷಕ್ಕೆ ನಾಮಪದ ಹುಡುಕುವುದೇ ತಪ್ಪು ದಾರಿ. ನಾಲಿಗೆ ಜಾರುತ್ತದೆ, ಕಾಲು ಜಾರುತ್ತದೆ. ಹಾಗೆಯೇ ‘ನೋಟ ಜಾರಿದೆ’ ಎನ್ನಿ. ಅರಿವಿಲ್ಲದೆ ಆದದ್ದು ಎಂಬ ಅರ್ಥ ಅದರಲ್ಲೇ ಇದೆ. ಬೇಕೆಂದೇ ಮಾಡಿದ್ದಾದರೆ ‘ನೋಟ ಬದಲಿಸಿದೆ’. ನಿಮ್ಮ ಉದಾಹರಣೆಯಲ್ಲಿ ಜಾರಿದ್ದು ‘ಅಳುಕಿದ’ ಎಂಬಲ್ಲಿ ಅಲ್ಲ, ಅದಕ್ಕೂ ಮೊದಲು ‘ಇವಳಿಗೆ’ ಎಂಬಲ್ಲಿ; ಆ ಒಂದು ಸರ್ವನಾಮ ನಮ್ಮನ್ನು ಎಳೆದು ಅಣ್ಣನ ಪಕ್ಕದಲ್ಲಿ ನಿಲ್ಲಿಸಿದೆ. “ಅವನು ಒಳಗೆ ಬಾರದೆ ಹೊಸ್ತಿಲಾಚೆಯೇ ನಿಂತ” ಎಂದರೆ ಅಳುಕೂ ಕಾಣುತ್ತದೆ, ನೋಟವೂ ತಂಗಿಯದಾಗಿ ಉಳಿಯುತ್ತದೆ. ಇಂಗ್ಲಿಷಿನ ಕೈಪಿಡಿಯಲ್ಲಿ ಇರಲಾರದ ಇನ್ನೊಂದು ಸಂಗತಿಯೂ ಇದೆ. ಮಗಳ ನೋಟದಲ್ಲಿ ‘ಅಪ್ಪ ಬಂದರು’ ಎಂದಾಗುವ ಅದೇ ವ್ಯಕ್ತಿ ಅಜ್ಜಿಯ ನೋಟದಲ್ಲಿ ‘ಬಂದ’. ಕ್ರಿಯಾಪದದ ಗೌರವರೂಪ ತಪ್ಪಿದರೂ ನೋಟ ಜಾರುತ್ತದೆ.

ಉತ್ತರ 2

‘ನೋಟ ಜಾರಿದೆ’ ಎಂದರೆ ನೋಡಬಾರದ್ದನ್ನು ನೋಡಿದ ಹಾಗೆ ಕೇಳಿಸುತ್ತದೆ. ಆದರೂ ಅರಿಸಮಾಸದ ಜಗಳಕ್ಕಿಂತ ಮೇಲು.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ‘ನೋಟ’ವನ್ನೂ ‘ನೋಟ ಜಾರಿದೆ’ಯನ್ನೂ ತೆಗೆದುಕೊಳ್ಳುತ್ತೇನೆ, ‘ಪ್ರಥಮ ಪುರುಷ’ವನ್ನು ‘ಉತ್ತಮ ಪುರುಷ’ ಎಂದು ತಿದ್ದಿದ್ದೇನೆ. ಗೌರವರೂಪದ ಮಾತು ಓದಿದ ಮೇಲೆ ನನ್ನ ಅನುವಾದವನ್ನು ಮತ್ತೆ ತೆರೆದು ನೋಡಿದೆ: ಮಗನ ನೋಟದ ಮಾದರಿ ದೃಶ್ಯದಲ್ಲಿ ಅಮ್ಮ ಮೊದಲ ಸಾಲಿನಲ್ಲಿ ‘ಎದ್ದರು’, ಮೂರನೆಯ ಸಾಲಿನಲ್ಲಿ ‘ಕೂತಳು’.