ಅಧ್ಯಕ್ಷರಿಲ್ಲದ ದಿನಸಿ ಕೂಟ: ಅರಾಜಕತಾವಾದವನ್ನು 14 ಮನೆಗಳ ನಡುವೆ ನಡೆಸೋದು ಹೇಗೆ?

ಗೋಣಿಚೀಲ ಕೇಳಿದ್ದು:

ಒಂದೇ ಬೀದಿಯ 14 ಮನೆಯವರು ಸೇರಿ ತಿಂಗಳಿಗೊಮ್ಮೆ ಸಗಟು ಅಂಗಡಿಯಿಂದ ದಿನಸಿ ತರಿಸಿ ಹಂಚಿಕೊಳ್ಳುವ ಕೂಟ. ಅಕ್ಕಿ, ತೊಗರಿಬೇಳೆ, ಎಣ್ಣೆ, ಬೆಲ್ಲ, ಅಷ್ಟೇ. ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ಯಾರೂ ಬೇಡ, ಎಲ್ಲರೂ ಒಪ್ಪಿದ್ದು ಮಾತ್ರ ನಡೆಯಲಿ ಅಂತ ಶುರುವಾದದ್ದು. ಈಗ ಮೂರು ಕಡೆ ಕಗ್ಗಂಟು. ಯಾವ ಅಕ್ಕಿ ಅನ್ನೋದಕ್ಕೇ ವಾಟ್ಸಾಪ್‌ನಲ್ಲಿ ಇನ್ನೂರು ಮೆಸೇಜು. ದುಡ್ಡೆಲ್ಲ ಒಬ್ಬರದೇ ಖಾತೆಗೆ ಬೀಳುತ್ತೆ. ತೂಗಿ ಹಂಚೋ ಕೆಲಸ ಪ್ರತಿ ತಿಂಗಳೂ ಅದೇ ಇಬ್ಬರು ಹೆಂಗಸರ ಪಾಲಿಗೆ.

ಯಜಮಾನರಿಲ್ಲದೆ ಇದನ್ನು ಸರಿಮಾಡೋ ಪಕ್ಕಾ ವಿಧಾನ ಇದೆಯಾ? ಇದೇ ತತ್ವ ಮನೆಯೊಳಗೆ, ಓಟಿನ ರಾಜಕೀಯದಲ್ಲಿ ಎಷ್ಟು ದೂರ ನಡೆಯುತ್ತೆ? ಸಿದ್ಧಾಂತ ಗೊತ್ತು, ನಟ್ಟು ಬೋಲ್ಟು ಬೇಕು.

---

ತೂಬು ಉತ್ತರ:

ಮೊದಲು ಒಂದು ತಪ್ಪು ತಿಳುವಳಿಕೆ ಬಿಡಿ. ಅರಾಜಕತೆ ಅಂದರೆ ರಾಜ ಇಲ್ಲ ಅಂತ ಅಷ್ಟೇ, ನಿಯಮವೂ ಇಲ್ಲ ಅಂತಲ್ಲ. ಯಜಮಾನ ಇಲ್ಲದ ಕಡೆ ಬರೆದಿಟ್ಟ ನಿಯಮ ಜಾಸ್ತಿಯೇ ಬೇಕು. ಬರೆಯದೆ ಬಿಟ್ಟರೆ ಅಧಿಕಾರ ಮಾಯವಾಗೋದಿಲ್ಲ, ಪಾಸ್‌ವರ್ಡ್ ಯಾರ ಹತ್ತಿರ ಇದೆಯೋ, ತಕ್ಕಡಿ ಯಾರ ಮನೇಲಿದೆಯೋ ಅವರ ಹತ್ತಿರ ಹೋಗಿ ಕೂರುತ್ತೆ. ಅಮೆರಿಕದ ಮಹಿಳಾ ವಿಮೋಚನಾ ಗುಂಪುಗಳನ್ನು ನೋಡಿ ಜೋ ಫ್ರೀಮನ್ 1970ರಲ್ಲಿ ಹೇಳಿದ್ದು ಇದನ್ನೇ: ರಚನೆಯೇ ಇಲ್ಲ ಅನ್ನೋ ಗುಂಪಿನಲ್ಲಿ ಕಣ್ಣಿಗೆ ಕಾಣದ ರಚನೆ ಇರುತ್ತೆ, ಕಾಣದ್ದನ್ನು ಪ್ರಶ್ನೆ ಮಾಡೋಕೆ ಆಗಲ್ಲ. ಕೆಲಸವನ್ನು ಹೆಸರಿಟ್ಟು ಒಪ್ಪಿಸಿ, ಸರತಿ ಹಾಕಿ, ಮಾಹಿತಿ ಎಲ್ಲರ ಕೈಗೂ ಸಿಗೋ ಹಾಗೆ ಮಾಡಿ ಅನ್ನೋದು ಅವರು ಕೊಟ್ಟ ಮದ್ದು.

ಅಕ್ಕಿ ವಿಷಯ. ಅದಕ್ಕೆ ಸಹಮತವೇ ಬೇಡ! ಬೇರೆಬೇರೆಯಾಗಿ ಮಾಡಿಕೊಳ್ಳಬಹುದಾದದ್ದನ್ನೆಲ್ಲ ಸಭೆಗೆ ತಂದರೆ ಸಭೆ ಸಾಯುತ್ತೆ. ಸೋನಾ ಮಸೂರಿ, ರಾಜಮುಡಿ, ಕುಚಲಕ್ಕಿ, ಯಾರಿಗೆ ಏನು ಬೇಕೋ ಬರೆಯಲಿ. ಒಂದು ತಳಿಗೆ ಪೂರ್ತಿ ಚೀಲದಷ್ಟು ಬೇಡಿಕೆ ಬಂದರೆ ತರಿಸೋದು, ಬರದಿದ್ದರೆ ಆ ತಿಂಗಳು ಇಲ್ಲ. ಇನ್ನೂರು ಮೆಸೇಜು ಒಂದು ಪಟ್ಟಿಗೆ ಇಳಿಯುತ್ತೆ.

ಎಲ್ಲರ ಒಪ್ಪಿಗೆ ಬೇಕಾದದ್ದು ನಾಲ್ಕೇ: ಅಂಗಡಿ ಬದಲಾವಣೆ, ಹೊಸ ಮನೆ ಸೇರ್ಪಡೆ, ದುಡ್ಡಿನ ನಿಯಮ, ಕೂಟ ಮುಚ್ಚೋದು. ಇವಕ್ಕೆ ಪ್ರಸ್ತಾಪವನ್ನು ಮೂರು ಸಾಲಿನಲ್ಲಿ ಬರೆದು ಹಾಕಿ, 48 ಗಂಟೆ ಕೊಡಿ. ಉತ್ತರ ನಾಲ್ಕರಲ್ಲೊಂದು: (1) ಒಪ್ಪಿಗೆ; (2) ಅನುಮಾನ ಇದೆ, ಆದರೂ ನಡೀಲಿ; (3) ನಾನು ಇದರಲ್ಲಿಲ್ಲ, ನೀವು ಮಾಡಿ; (4) ತಡೆ. ಕನಿಷ್ಠ 10 ಮನೆ ಉತ್ತರ ಕೊಡಬೇಕು. ದುಡ್ಡಿನ ವಿಷಯದಲ್ಲಿ ಮೌನವನ್ನು ಸಮ್ಮತಿ ಅಂತ ಎಣಿಸಬೇಡಿ, ಗಾದೆ ಏನೇ ಹೇಳಲಿ. ತಡೆ ಹಾಕಿದವರು ಕೂಟಕ್ಕೆ ಆಗೋ ನಷ್ಟ ಏನು ಅಂತ ಹೇಳಬೇಕು, ಪ್ರಸ್ತಾಪ ಇಟ್ಟವರ ಜೊತೆ ಕೂತು ಏಳು ದಿನದೊಳಗೆ ತಿದ್ದಿದ ರೂಪ ತರಬೇಕು. 'ನನಗೆ ಇಷ್ಟವಿಲ್ಲ' ಅನ್ನೋದು ತಡೆ ಅಲ್ಲ, ಅದು ಮೂರನೇ ಉತ್ತರ.

ಉಳಿದದ್ದೆಲ್ಲ, ಅಂದರೆ ತಾರೀಖು, ಆಟೋ ಬಾಡಿಗೆ, ಯಾವ ಬ್ರ್ಯಾಂಡಿನ ಎಣ್ಣೆ, ಇವು ಆ ತಿಂಗಳು ಸರತಿಯಲ್ಲಿರುವವರ ತೀರ್ಮಾನ. ಮಾಡುವವರೇ ನಿರ್ಧರಿಸಲಿ.

ಸರತಿ ಹೀಗೆ: ಒಂದು ಹೊತ್ತಿಗೆ ಇಬ್ಬರು, ಒಬ್ಬೊಬ್ಬರು ಎರಡು ತಿಂಗಳು, ಪ್ರತಿ ತಿಂಗಳು ಒಬ್ಬರು ಇಳಿದು ಹೊಸಬರು ಹತ್ತಬೇಕು. ಹಳಬರು ಹೊಸಬರಿಗೆ ಕಲಿಸೋಕೆ ತಿಂಗಳು ಸಿಗುತ್ತೆ, 14 ತಿಂಗಳಿಗೆ ಒಂದು ಸುತ್ತು. ಮುಖ್ಯ ಮಾತು, ಸರತಿ ಮನೆಯ ಹೆಸರಲ್ಲಿ ಬರೆಯಬೇಡಿ, ವ್ಯಕ್ತಿಯ ಹೆಸರಲ್ಲಿ ಬರೆಯಿರಿ. 'ಆರನೇ ಮನೆ' ಅಂತ ಬರೆದರೆ ಆ ಮನೆಯ ಅಮ್ಮನಿಗೋ ಸೊಸೆಗೋ ಅಂತ ತಾನೇ ಅರ್ಥವಾಗುತ್ತೆ. ನಿಮ್ಮ ಮೂರನೇ ಕಗ್ಗಂಟು ಹುಟ್ಟಿದ್ದೇ ಅಲ್ಲಿ. ಸುತ್ತು ಮುಗಿದ ಮೇಲೆ ಅದೇ ಮನೆಯಿಂದ ಇನ್ನೊಬ್ಬರ ಹೆಸರು ಬರಲಿ.

ವಾಟ್ಸಾಪ್ ಅಡ್ಮಿನ್ ಕೂಡ ಅಧಿಕಾರವೇ. ಎಲ್ಲರನ್ನೂ ಅಡ್ಮಿನ್ ಮಾಡಿದರೆ ಯಾರು ಬೇಕಾದರೂ ಇನ್ನೊಬ್ಬರನ್ನು ತೆಗೆದುಹಾಕಬಹುದು, ಒಬ್ಬರೇ ಇದ್ದರೆ ಅವರೇ ದೊರೆ. ಸರತಿಯ ಇಬ್ಬರು, ಜೊತೆಗೆ ಸರತಿಯಲ್ಲಿಲ್ಲದ ಒಬ್ಬರು ಸಾಕು.

---

ಸಂತೆಮಾಳ ಉತ್ತರ:

ತೂಬು ಅವರು ಹೇಳಿದ್ದರಲ್ಲಿ ಮುಕ್ಕಾಲು ಒಪ್ಪುತ್ತೀನಿ. ನಾನು ಲಿಬರ್ಟೇರಿಯನ್ ಬದಿಯವನು, ಅಂದರೆ ಒಬ್ಬೊಬ್ಬರ ಸ್ವಾತಂತ್ರ್ಯವೇ ಮೊದಲು ಅನ್ನುವವನು, ಹಾಗಾಗಿ ಮೊದಲು ನೋಡೋದು ಬಾಗಿಲು: ಹೊರಗೆ ಹೋಗೋದು ಎಷ್ಟು ಸುಲಭ? ಸಲೀಸಾಗಿ ಹೊರಡೋ ಹಾಗಿದ್ದರೆ ಅರ್ಧ ಜಗಳಕ್ಕೆ ಸಭೆಯೇ ಬೇಡ. ಒಂದು ತಿಂಗಳು ಬೇಡ ಅಂದರೆ ಬೇಡ, ಕಾರಣ ಕೇಳಬಾರದು, ಮುಖ ಊದಿಸಬಾರದು.

ದುಡ್ಡಿಗೆ ಬನ್ನಿ. ಖಜಾಂಚಿ ಯಾರಾಗಬೇಕು ಅಂತ ತಲೆ ಕೆಡಿಸಿಕೊಳ್ಳೋ ಬದಲು ಖಜಾನೆಯೇ ಇಲ್ಲದ ಹಾಗೆ ಮಾಡಿ. ಒಂದೊಂದು ಮನೆಯವರೂ ನೇರ ಅಂಗಡಿಯವರ ಯುಪಿಐಗೆ ಹಾಕಲಿ, ಟಿಪ್ಪಣಿಯಲ್ಲಿ ಮನೆ ಸಂಖ್ಯೆ ಬರೆಯಲಿ. ಸರತಿಯವರು ಅಂಗಡಿಯವರ ಫೋನಿನಲ್ಲೇ ನೋಡಿ ಗುರುತು ಹಾಕಿಕೊಳ್ಳಬೇಕು. ಸ್ಕ್ರೀನ್‌ಶಾಟ್ ನಂಬಬೇಡಿ, ಅದನ್ನು ತಯಾರು ಮಾಡೋದು ಎರಡು ನಿಮಿಷದ ಕೆಲಸ. ಜಂಟಿ ಖಾತೆ ಅಂತ ಯಾರಾದರೂ ಸಲಹೆ ಕೊಡ್ತಾರೆ. ಇಬ್ಬರೂ ಸಹಿ ಹಾಕಲೇಬೇಕಾದ ಖಾತೆಗೆ ಸಾಮಾನ್ಯವಾಗಿ ಯುಪಿಐ ಕೊಡಲ್ಲ, ಇಬ್ಬರಲ್ಲಿ ಯಾರಾದರೂ ತೆಗೆಯಬಹುದಾದ ಖಾತೆ ಮಾಡಿದರೆ ಕಾವಲೇ ಇಲ್ಲ.

ಸಾಲ ಕೂಡದು. ಇಂಗ್ಲೆಂಡಿನ ರಾಚ್‌ಡೇಲ್‌ನಲ್ಲಿ 1844ರಲ್ಲಿ 28 ಜನ ಸೇರಿ ತೆರೆದ ಸಹಕಾರಿ ಅಂಗಡಿಯ ಮೂಲ ನಿಯಮಗಳಲ್ಲಿ ರೊಕ್ಕ ಕೊಟ್ಟೇ ಕೊಳ್ಳಬೇಕು ಅನ್ನೋದೂ ಒಂದು. ಸಾಲ ಬಂದ ಕೂಡಲೇ ವಸೂಲಿಗೊಬ್ಬ ಬೇಕು. ವಸೂಲಿಗೆ ನಿಂತವನು ಯಜಮಾನನಾಗೋಕೆ ಹೆಚ್ಚು ದಿನ ಬೇಡ.

ತೂಗೋ ಕೆಲಸಕ್ಕೆ ಬೆಲೆ ಕಟ್ಟಿ. ಅಮೆರಿಕದ ಮೊದಲ ಅರಾಜಕತಾವಾದಿ ಅಂತ ಹೆಸರಾದ ಜೋಸಾಯ ವಾರನ್ 1827ರಲ್ಲಿ ಸಿನ್ಸಿನಾಟಿಯಲ್ಲಿ ತೆರೆದದ್ದು ದಿನಸಿ ಅಂಗಡಿಯನ್ನೇ. ಸಾಮಾನಿಗೆ ಕೊಂಡ ಬೆಲೆ, ಅಂಗಡಿಯವನ ಸಮಯಕ್ಕೆ ಗಡಿಯಾರ ನೋಡಿ ಅಷ್ಟೇ ಹೊತ್ತಿನ ದುಡಿಮೆಯ ಚೀಟಿ. ಮೂರು ವರ್ಷ ನಡೆಯಿತು. ನಿಮ್ಮಲ್ಲಿ ತೂಕಕ್ಕೆ ಮೂರು ಗಂಟೆ ಹಿಡಿಯುತ್ತೆ ಅಂದುಕೊಳ್ಳಿ. ಗಂಟೆಗೆ 150 ರೂಪಾಯಿ ಅಂದರೆ 450, ಮನೆಗೆ 32 ರೂಪಾಯಿ ಚಿಲ್ಲರೆ. ಸರತಿ ಬೇಡ ಅನ್ನುವವರು ಆ ತಿಂಗಳಿನ ಪೂರ್ತಿ 450 ಕೊಟ್ಟು ಬೇರೆಯವರಿಗೆ ಬಿಡಲಿ.

ಚೀಲ ಕೊಳ್ಳುವಾಗ ಇನ್ನೊಂದು: 2022ರ ಜುಲೈ 18ರಿಂದ 25 ಕೆ.ಜಿ.ವರೆಗಿನ ಪ್ಯಾಕ್ ಮಾಡಿ ಲೇಬಲ್ ಹಾಕಿದ ಅಕ್ಕಿ, ಬೇಳೆಗೆ 5% ಜಿಎಸ್‌ಟಿ ಇದೆ, ಅದಕ್ಕಿಂತ ದೊಡ್ಡ ಚೀಲಕ್ಕಿಲ್ಲ. ಅದಕ್ಕೇ ಮಾರುಕಟ್ಟೆಯಲ್ಲಿ 26 ಕೆ.ಜಿ. ಚೀಲ ಹುಟ್ಟಿಕೊಂಡದ್ದು! ಸರ್ಕಾರ ಗೆರೆ ಎಳೆದರೆ ವ್ಯಾಪಾರಿ ಅದರ ಆಚೆ ಒಂದು ಕೆ.ಜಿ. ಇಡ್ತಾನೆ.

---

ತೂಬು:

450 ಕೊಟ್ಟು ಕೈ ತೊಳೆದುಕೊಳ್ಳೋ ನಿಯಮ ಅಪಾಯ, ಸಂತೆಮಾಳ ಅವರೇ. ಇದ್ದವರು ಪ್ರತಿ ಸಲ ಕೊಟ್ಟು ತಪ್ಪಿಸಿಕೊಳ್ತಾರೆ, ಇಲ್ಲದವರು ಪ್ರತಿ ಸಲ ತೂಗ್ತಾರೆ. ವರ್ಷ ತುಂಬೋದರೊಳಗೆ ಒಡೆಯ–ಆಳು ಆಯ್ತು. ವಾರನ್ ಅಂಗಡಿಯಲ್ಲಿ ದುಡಿಮೆಗೆ ದುಡಿಮೆಯೇ ಬದಲು, ಅದನ್ನು ಮರೆತಿರಿ. ನಮ್ಮ ಹಳ್ಳಿಗಳ ಮುಯ್ಯಾಳು ಪದ್ಧತಿಯೂ ಹಾಗೇ: ನೀವು ನನ್ನ ನಾಟಿಗೆ ಒಂದು ದಿನ ಬಂದರೆ ನಾನು ನಿಮ್ಮ ಕೊಯ್ಲಿಗೆ ಒಂದು ದಿನ ಬರಬೇಕು, ದುಡ್ಡು ಕೊಟ್ಟು ತೀರಿಸೋ ಹಾಗಿಲ್ಲ.

ಸಂತೆಮಾಳ:

ಸರಿ, ಸತತ ಎರಡು ಸುತ್ತು ದುಡ್ಡು ಕೊಟ್ಟು ತಪ್ಪಿಸಿಕೊಳ್ಳೋ ಹಾಗಿಲ್ಲ ಅಂತ ಸೇರಿಸಿ. ಆದರೆ 78 ವರ್ಷದ ಅಜ್ಜಿ ಒಬ್ಬರೇ ಇರೋ ಮನೆಗೆ ಮುಯ್ಯಿ ಅಂತ ಕೂರಬೇಡಿ. ಅವರಿಗೆ ಪಟ್ಟಿ ಬರೆಯೋ ಕೆಲಸ ಕೊಡಿ.

---

ಒಲೆಮುಂದೆ ಉತ್ತರ:

ಮನೆಯೊಳಗಿನ ಪ್ರಶ್ನೆಗೆ ಯಾರೂ ಕೈ ಹಾಕಿಲ್ಲ. ರಾಜ್ಯವನ್ನೇ ಪ್ರಶ್ನಿಸೋ ಗಂಡಸರು ಕಾಫಿ ಲೋಟ ಎತ್ತಿಡಲ್ಲ, ಅಲ್ಲಿಂದ ಶುರು ಮಾಡೋಣ.

ಒಂದು ವಾರ ಮನೆಯ ಪ್ರತಿ ಕೆಲಸವನ್ನೂ ಬರೆದಿಡಿ. ಪಾತ್ರೆ, ಕಸ, ಬಟ್ಟೆ ಎಲ್ಲರಿಗೂ ಹೊಳೆಯುತ್ತೆ. ಗ್ಯಾಸ್ ಬುಕ್ ಮಾಡೋದು, ನಾಳೆ ತಿಂಡಿಗೆ ಹಿಟ್ಟು ಇದೆಯಾ ಅಂತ ನೆನಪಿಟ್ಟುಕೊಳ್ಳೋದು, ಕೊಳಾಯಿಯವರಿಗೆ ಮೂರು ಸಲ ಫೋನ್ ಮಾಡೋದು ಹೊಳೆಯಲ್ಲ. ಇವನ್ನು ಬಿಟ್ಟರೆ ಪಟ್ಟಿ ಹಾಕಿದ್ದೇ ದಂಡ. ಎಲ್ಲ ಕೆಲಸಕ್ಕೂ ಸೇರಿ 100 ಅಂಕ ಹಂಚಿ, ದೊಡ್ಡವರು ನಾಲ್ವರಿದ್ದರೆ ತಲೆಗೆ 25. ಒಬ್ಬೊಬ್ಬರು ಸರತಿಯ ಮೇಲೆ ಒಂದೊಂದು ಕೆಲಸ ಆರಿಸಿಕೊಳ್ಳಬೇಕು. ಯಾರೂ ಮುಟ್ಟದೆ ಉಳಿದದ್ದಕ್ಕೆ (ಬಚ್ಚಲು ತೊಳೆಯೋದು ಅಂತ ಬೇರೆ ಹೇಳಬೇಕೇ) ಮುಂದಿನ ವಾರ ಎರಡು ಅಂಕ ಹೆಚ್ಚಿಸಿ, ಜಗಳವಾಡಿ ಎತ್ತಿಕೊಂಡದ್ದರಿಂದ ಎರಡು ಇಳಿಸಿ. ಮೊತ್ತ 100 ಮೀರಬಾರದು. ನಾಲ್ಕೈದು ವಾರಕ್ಕೆ ಅಂಕಗಳು ಒಂದು ಕಡೆ ನಿಲ್ಲುತ್ತವೆ.

ಕೆಡೋದು ಎಲ್ಲಿ ಅಂದರೆ 'ಮಾಡಿ ಆಯ್ತು' ಅನ್ನೋ ಮಾತಿನಲ್ಲಿ. ಅಡುಗೆಮನೆ ಒರೆಸೋದು ಅಂದರೆ ಕಟ್ಟೆ ಮಾತ್ರವೇ, ಒಲೆಯ ಕೆಳಗೂ ಸೇರಿಯೇ? ಬರೆಯದಿದ್ದರೆ ಯಾರಿಗೆ ಕೊಳೆ ಮೊದಲು ಕಾಣುತ್ತೋ ಅವರೇ ಮತ್ತೆ ಮಾಡ್ತಾರೆ.

ಮಕ್ಕಳಿಗೆ ಮೂರು ಗುಂಪು ಸಾಕು. ರಸ್ತೆ, ಬೆಂಕಿ, ಔಷಧಿ: ಇಲ್ಲಿ ದೊಡ್ಡವರ ಮಾತೇ ಕೊನೆ, ಕಾರಣ ಹೇಳಬೇಕು. ಬಟ್ಟೆ, ಕೂದಲು, ಕೈಖರ್ಚಿನ ದುಡ್ಡು: ಅವರ ತೀರ್ಮಾನ, ವಾರಕ್ಕೆ 50 ಕೊಟ್ಟ ಮೇಲೆ ಲೆಕ್ಕ ಕೇಳಬಾರದು, ಮುಗಿದರೆ ಮತ್ತೆ ಕೊಡಲೂಬಾರದು. ಮಲಗೋ ಹೊತ್ತು, ಫೋನು: ಕೂತು ಮಾತಾಡಿ ಎರಡು ವಾರಕ್ಕೆ ಒಪ್ಪಂದ, ಆಮೇಲೆ ಮರುಪರಿಶೀಲನೆ. ಎರಡನೇ ಗುಂಪಿನಲ್ಲಿ ಕೊಟ್ಟ ಮಾತು ಒಂದು ಸಲ ಮುರಿದರೂ ಮೂರನೇ ಗುಂಪಿನ ಒಪ್ಪಂದವನ್ನು ಮಕ್ಕಳು ನಂಬಲ್ಲ.

---

ಗೋಣಿಚೀಲ:

ಎಲ್ಲರಿಗೂ ಥ್ಯಾಂಕ್ಸ್. ಕೂಟವನ್ನು ನೋಂದಣಿ ಮಾಡಿಸಬೇಕು ಅಂತ ಒಬ್ಬರು ಹಠ ಹಿಡಿದಿದ್ದಾರೆ. ಓಟಿನ ಪ್ರಶ್ನೆ ಇನ್ನೂ ಉಳಿದಿದೆ.

---

ವಾರ್ಡ್_ಮೂಲೆ ಉತ್ತರ:

ಸ್ವಂತ ಬಳಕೆಗೆ ಒಟ್ಟಾಗಿ ಕೊಳ್ಳೋಕೆ ನೋಂದಣಿ ಬೇಡ. ಹೊರಗಿನವರಿಗೆ ಮಾರೋಕೆ ಹೊರಟರೆ ಲೆಕ್ಕವೇ ಬೇರೆ. ನೋಂದಣಿಗೆ ಇರೋ ಕರ್ನಾಟಕದ ಸೌಹಾರ್ದ ಸಹಕಾರಿ ಕಾಯ್ದೆ, 1997 ಸರ್ಕಾರದ ಹಿಡಿತ ಕಡಿಮೆ ಮಾಡೋಕೆಂದೇ ಬಂದದ್ದಾದರೂ ಚುನಾಯಿತ ಮಂಡಳಿ, ಅಧ್ಯಕ್ಷ ಎಲ್ಲ ಬೇಕೇ ಬೇಕು. ನಿಮ್ಮ ಉದ್ದೇಶಕ್ಕೇ ಕೊಡಲಿ ಪೆಟ್ಟು. ಒಂದು ಎಚ್ಚರಿಕೆ: ದಿನಸಿ ಜೊತೆ ಚೀಟಿಯನ್ನೂ ನಡೆಸೋಣ ಅಂತ ಯಾರಾದರೂ ಅಂದರೆ ಚಿಟ್ ಫಂಡ್ ಕಾಯ್ದೆ, 1982 ಓದಿಕೊಳ್ಳದೆ ತಲೆ ಆಡಿಸಬೇಡಿ.

ಓಟು. ಅರಾಜಕತಾವಾದಿಗಳಲ್ಲೇ ಇದಕ್ಕೆ ಒಂದು ಉತ್ತರ ಇಲ್ಲ. ಸ್ಪೇನಿನ ಸಿಎನ್‌ಟಿ ಕಾರ್ಮಿಕ ಒಕ್ಕೂಟ ರಾಜ್ಯವೇ ಬೇಡ ಅಂತಿದ್ದದ್ದು. ಅಂತರ್ಯುದ್ಧದ ನಡುವೆ 1936ರ ನವೆಂಬರಿನಲ್ಲಿ ಅದರ ನಾಲ್ವರು ಮಂತ್ರಿಗಳಾದರು. ನಮ್ಮಲ್ಲಿ ಕ್ರಾಂತಿಕಾರಿ ಚಿಂತಕ ಎಂ. ಎನ್. ರಾಯ್ ತಿರುವುಮುರುವು ಹಾದಿ ಹಿಡಿದು 1948ರಲ್ಲಿ ತಮ್ಮ ಪಕ್ಷವನ್ನೇ ವಿಸರ್ಜಿಸಿದರು, ಜನಸಮಿತಿಗಳೇ ಸಾಕು ಅಂತ. ನನ್ನ ಮಟ್ಟಿಗೆ ಓಟು ಅನ್ನೋದು ಮಳೆಗೆ ಹಿಡಿಯೋ ಕೊಡೆ, ಹಿಡಿದರೆ ತಪ್ಪಿಲ್ಲ, ಮಳೆ ನಿಲ್ಲಿಸುತ್ತೆ ಅಂದುಕೊಂಡರೆ ತಪ್ಪು. ನೋಟಾ ಒತ್ತಿದರೆ ಪ್ರತಿಭಟನೆ ದಾಖಲಾಗುತ್ತೆ ಅಷ್ಟೇ, ಅಭ್ಯರ್ಥಿಗಳಲ್ಲಿ ಹೆಚ್ಚು ಓಟು ಬಂದವರು ಗೆದ್ದೇ ಗೆಲ್ತಾರೆ.

ಐದು ವರ್ಷಕ್ಕೊಂದು ದಿನದ ಕೆಲಸಕ್ಕಿಂತ ನಡುವಿನ ದಿನಗಳಲ್ಲಿ ಕೈಗೆಟುಕೋದು ಹೆಚ್ಚು. ಬೀದಿಯ ಚರಂಡಿ ಕಾಮಗಾರಿಯ ಅಂದಾಜು ಪಟ್ಟಿ, ಅಳತೆ ಪುಸ್ತಕದ ಪ್ರತಿ ಕೇಳಿ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. 'ಯಾಕೆ ಕೆಲಸ ಕಳಪೆ' ಅಂತ ಕೇಳಿದರೆ ತಿರಸ್ಕರಿಸ್ತಾರೆ, ದಾಖಲೆಯ ಹೆಸರು ಹೇಳಿ ಕೇಳಬೇಕು. ಆಮೇಲೆ ಟೇಪು ಹಿಡಿದು ನೀವೇ ಅಳೆಯಿರಿ. ಹಳ್ಳಿಯಾದರೆ ಗ್ರಾಮಸಭೆಯ ನಡಾವಳಿಯಲ್ಲಿ ನಿಮ್ಮ ಆಕ್ಷೇಪ ಬರೆಸಿಯೇ ಎದ್ದು ಬನ್ನಿ.

ಇನ್ನು, ಹಿಂದೆ ನಮ್ಮಲ್ಲೇ ಇತ್ತು ಅನ್ನೋ ರಮ್ಯ ಮಾತು ಬರುತ್ತೆ. ಕೆರೆಯ ತೂಬು ತೆಗೆದು ಗದ್ದೆಗದ್ದೆಗೂ ನೀರು ಬಿಡುತ್ತಿದ್ದ ನೀರುಗಂಟಿಗೆ ರೈತರೇ ಕಾಳು ಅಳೆದು ಕೊಡ್ತಿದ್ದರು, ವ್ಯವಸ್ಥೆ ಜಾಣತನದ್ದೇ. ಆದರೆ ಆ ಕೆಲಸ ಯಾವ ಜಾತಿಯವರದ್ದಾಗಿತ್ತು, ನೀರು ಮೊದಲು ಯಾರ ಗದ್ದೆಗೆ ಹೋಗ್ತಿತ್ತು ಅಂತಲೂ ಕೇಳಬೇಕು. ರಾಜ ಇಲ್ಲದ ಕಡೆ ಗೌಡ ಇದ್ದ.

---

ಗೋಣಿಚೀಲ:

ಕೊನೆಗೊಂದು ಚಿಲ್ಲರೆ ಪ್ರಶ್ನೆ. ಪ್ರತಿ ಸಲ ಕೊನೆಯ ಮನೆಗೆ ಅಕ್ಕಿ ಕಡಿಮೆ ಬೀಳುತ್ತೆ, ಎಣ್ಣೆ ಮಾತ್ರ ಉಳಿಯುತ್ತೆ. ಯಾಕೆ?

ತೂಬು:

ಅಕ್ಕಿ: ಗೋಣಿಯ ತೂಕವೇ ಅರ್ಧ ಕೆ.ಜಿ.ಗೂ ಮೇಲೆ, ಅದು ಕಳೆದಿದ್ದಾರಾ ನೋಡಿ. ಜೊತೆಗೆ 5 ಕೆ.ಜಿ. ತೂಗುವಾಗ ಪ್ರತಿ ಸಲ 30 ಗ್ರಾಂ ಧಾರಾಳ ಮಾಡಿದರೆ ಹತ್ತು ಮನೆಗೆ 300 ಗ್ರಾಂ ಹೋಯ್ತು. ಎಲ್ಲರೂ 2% ಹೆಚ್ಚು ಬರೆಸಿ, ಉಳಿದರೆ ಮುಂದಿನ ತಿಂಗಳಿಗೆ.

ಎಣ್ಣೆ: ನಿಮ್ಮ ಡಬ್ಬ 15 ಕೆ.ಜಿ.ಯದ್ದಿರಬೇಕು, 15 ಲೀಟರಿನದ್ದಲ್ಲ, ಲೇಬಲ್ ನೋಡಿ. ಲೀಟರ್ ಎಣ್ಣೆ 910 ಗ್ರಾಂ ಆಸುಪಾಸು, ಹಾಗಾಗಿ ಡಬ್ಬದಲ್ಲಿ ಹದಿನಾರೂವರೆ ಲೀಟರ್ ಹತ್ತಿರ ಇರುತ್ತೆ. ಲೀಟರಿನಲ್ಲಿ ಅಳೆದು ಕೊಟ್ಟರೆ ಒಂದೂವರೆ ಲೀಟರ್ ತಳದಲ್ಲಿ ಉಳಿಯುತ್ತೆ. ಅದನ್ನೂ ತೂಕದಲ್ಲೇ ಹಂಚಿ.

ತಕ್ಕಡಿ ಯಾರ ಕೈಲಿದೆಯೋ ಅವರ ಪಾಲು ಕೊನೆಗೆ ತೂಗಬೇಕು ಅಂತ ನಿಯಮ ಬರೆಯಿರಿ. 30 ಗ್ರಾಂ ಧಾರಾಳ ಆ ತಿಂಗಳೇ ನಿಲ್ಲುತ್ತೆ.