ನೀಲಿ ಸ್ವಿಚ್ ಬಿಟ್ಟು ಬೇರೆಯದಕ್ಕೆ ಹೋದವರು ದಯವಿಟ್ಟು ಅನುಭವ ತಿಳಿಸಿ

ಡೊಂಬಿವಲಿಯಿಂದ:
ಎಲ್ಲರಿಗೂ ನಮಸ್ಕಾರ. ವಿಮೆಯ ಕಾಗದಪತ್ರಗಳನ್ನು ಕನ್ನಡಕ್ಕೆ ಅನುವಾದಿಸುವ ಕೆಲಸವನ್ನು ನಾನು ಮನೆಯಿಂದಲೇ ಮಾಡುತ್ತೇನೆ. ನುಡಿ ತಂತ್ರಾಂಶದ ಕೀಲಿವಿನ್ಯಾಸದಲ್ಲಿ ದಿನಕ್ಕೆ ಆರೇಳು ಗಂಟೆ ಟೈಪಿಂಗ್ ಇರುತ್ತದೆ. ಎರಡು ವರ್ಷದ ಹಿಂದೆ ಕೊಂಡ 87 ಕೀಗಳ ಮೆಕ್ಯಾನಿಕಲ್ ಕೀಬೋರ್ಡ್ ನನ್ನದು, ಪ್ರತಿ ಕೀಯ ಕೆಳಗಿನ ಸ್ವಿಚ್ ನೀಲಿ, ಅಂದರೆ ಒತ್ತಿದಾಗ ಟಿಕ್ ಎನ್ನುವ ಬಗೆಯದು. ನಮ್ಮದು ವನ್ ರೂಮ್ ಕಿಚನ್ ಮನೆ. ಶಸ್ತ್ರಚಿಕಿತ್ಸೆಯಾದ ಅತ್ತೆಯವರು ಈಗ ನಮ್ಮೊಂದಿಗೇ ಇದ್ದಾರೆ. ರಾತ್ರಿ ಕೆಲಸಕ್ಕೆ ಕುಳಿತರೆ ಕಟಕಟ ಶಬ್ದಕ್ಕೆ ಅವರಿಗೆ ಎಚ್ಚರವಾಗುತ್ತದೆ. ಬಾಯಿಬಿಟ್ಟು ಹೇಳುವುದಿಲ್ಲ, ಮಗ್ಗುಲು ಬದಲಿಸುತ್ತಾರೆ. ಹೊಸ ಕೀಬೋರ್ಡಿಗೆ ಈಗ ಹಣವಿಲ್ಲ. ಸ್ವಿಚ್‌ಗಳನ್ನಷ್ಟೇ ಬದಲಿಸಲು ಎರಡೂವರೆ ಸಾವಿರ ಎತ್ತಿಟ್ಟಿದ್ದೇನೆ. ತಡೆಯಿಲ್ಲದೆ ನಯವಾಗಿ ಇಳಿಯುವ ಕೆಂಪು ಹಾಕಿಸಲೇ, ನಡುವೆ ಸಣ್ಣ ಉಬ್ಬು ತಾಗುವ ಕಂದು ಹಾಕಿಸಲೇ?

ಕೊತ್ರೂಡಿನಿಂದ:
ಮೇಡಂ, ಕಂದು ಸ್ವಿಚ್‌ನ ದಾರಿ ಹಿಡಿಯಬೇಡಿ. ಹಿಡಿದ ನನಗೆ ಎರಡು ವರ್ಷ ಹಾಳಾಯಿತು. ಹಿಂಜವಡಿಯ ಕಚೇರಿಯಲ್ಲಿ ಪಕ್ಕದ ಮೇಜಿನವರು ನನ್ನ ನೀಲಿ ಸ್ವಿಚ್‌ನ ಸದ್ದಿನ ಬಗ್ಗೆ ಮೇಲಿನವರಿಗೆ ದೂರು ಕೊಟ್ಟ ಮೇಲೆ, ಒತ್ತಿದ್ದು ಬೆರಳಿಗೆ ತಿಳಿಯಬೇಕು, ಪಕ್ಕದವರ ಕಿವಿಗೆ ತಿಳಿಯಬಾರದು ಎಂಬ ಆಸೆಯಿಂದ ಕಂದು ಕೊಂಡೆ. ತಲಾ 32 ರೂಪಾಯಿಯಂತೆ 90 ಸ್ವಿಚ್‌ಗೆ 2,880, ಕೊರಿಯರ್‌ಗೆ 120, ಒಟ್ಟು ಮೂರು ಸಾವಿರ. ಕಂದಿನ ನಡುವೆ ಇರುವ ಉಬ್ಬು ಎಷ್ಟು ಸಣ್ಣದೆಂದರೆ, ಊಟದ ಮಧ್ಯೆ ಅನ್ನದಲ್ಲಿ ಕಲ್ಲು ಸಿಕ್ಕಂತೆ ಅಡ್ಡ ಬರುತ್ತದೆಯೇ ಹೊರತು ನೀಲಿಯಲ್ಲಿ ಸಿಗುವ ಖಚಿತವಾದ ತಡೆ ಅದರಲ್ಲಿಲ್ಲ.

ಲೂಬ್ ಮಾಡಿದರೆ, ಅಂದರೆ ಒಳಗೆ ಜಿಡ್ಡು ಸವರಿದರೆ ಸರಿಹೋಗುತ್ತದೆ ಎಂದು ಯಾರೋ ಹೇಳಿದರು. ಕ್ರೈಟಾಕ್ಸ್ 205ಜಿ0 ಎಂಬ ಜಿಡ್ಡಿನ ಐದು ಮಿ.ಲೀ. ಡಬ್ಬಿಗೆ 650, ಕುಂಚಕ್ಕೆ 80, ಸ್ವಿಚ್ ಬಿಚ್ಚುವ ಸಾಧನಕ್ಕೆ 350. ಒಂದು ಸ್ವಿಚ್ ಬಿಚ್ಚಿ, ಸ್ಪ್ರಿಂಗ್ ತೆಗೆದು, ಒತ್ತಿದಾಗ ಇಳಿಯುವ ಭಾಗವಾದ ಸ್ಟೆಮ್ಮಿಗೂ, ಹೊರಕವಚವಾದ ಹೌಸಿಂಗ್‌ನ ಒಳಗೋಡೆಗೂ ಸವರಿ, ಮತ್ತೆ ಮುಚ್ಚಲು ನಾಲ್ಕು ನಿಮಿಷ ಬೇಕು. ತೊಂಬತ್ತಕ್ಕೆ ಆರು ಗಂಟೆಯಾಯಿತು. ಮೂರು ಭಾನುವಾರ ಕುತ್ತಿಗೆ ನೋವಿನಲ್ಲಿ ಹೋದವು. ಮುಗಿದ ಮೇಲೆ ನೋಡಿದರೆ ಇದ್ದ ಚೂರು ಉಬ್ಬೂ ಮಾಯವಾಗಿತ್ತು. ಆಮೇಲೆ 35 ಗ್ರಾಂ ಒತ್ತಡಕ್ಕೇ ಇಳಿಯುವ ಹಗುರ ಲೀನಿಯರ್ (ಉಬ್ಬಿಲ್ಲದ ಸ್ವಿಚ್) ತರಿಸಿದೆ, 2,250 ರೂಪಾಯಿ. ಬೆರಳು ಇಟ್ಟರೆ ಸಾಕು, ಅಕ್ಷರ ಬೀಳುತ್ತಿತ್ತು. ಒಂದು ಸಂಜೆ ಅರ್ಧ ಬರೆದ ಪತ್ರ ಮೇಲಧಿಕಾರಿಗೆ ಹೋಗಿಯೇಬಿಟ್ಟಿತು. ಕಡೆಗೆ 50 ಗ್ರಾಂನ ಗೇಟ್‌ರಾನ್ ಹಳದಿಗೆ 2,520 ಕೊಟ್ಟು ನಿಂತೆ. ಎಲ್ಲ ಸೇರಿ 8,850 ರೂಪಾಯಿ. ಮೊದಲೇ ಹಳದಿ ಕೊಂಡಿದ್ದರೆ ಆರು ಸಾವಿರಕ್ಕೂ ಹೆಚ್ಚು ಉಳಿಯುತ್ತಿತ್ತು ಎಂಬುದನ್ನು ಇಂದಿಗೂ ಮರೆತಿಲ್ಲ.

ಮುಲುಂಡಿನಿಂದ:
ಬಣ್ಣದ ಮಾತು ಆಮೇಲೆ. ಸ್ವಿಚ್ ಸಾಕೆಟ್ಟಿನಲ್ಲಿ ಕೂತಿದೆಯೋ, ಬೆಸುಗೆಯಾಗಿದೆಯೋ ಎಂಬುದೇ ಎಲ್ಲವನ್ನೂ ನಿರ್ಧರಿಸುತ್ತದೆ. ನನ್ನದು ಬೆಸುಗೆಯದು. ಒಂದೊಂದು ಸ್ವಿಚ್‌ಗೆ ಎರಡು ಕಾಲು, ಅದರ ಮೈಯೊಳಗಿಂದ ಹಾದುಬರುವ ಎಲ್‌ಇಡಿಗೆ ಮತ್ತೆರಡು ಕಾಲು. 87 ಕೀಗೆ 348 ಬೆಸುಗೆ ಬಿಚ್ಚಬೇಕು. ಲ್ಯಾಮಿಂಗ್ಟನ್ ರಸ್ತೆಗೆ ಹೋಗಿ ಉಷ್ಣ ನಿಯಂತ್ರಣವಿರುವ ಸೋಲ್ಡರಿಂಗ್ ಐರನ್ 1,450ಕ್ಕೆ, ಕರಗಿದ ಬೆಸುಗೆಯನ್ನು ಹೀರುವ ಪಂಪು 180ಕ್ಕೆ, ತಾಮ್ರದ ಬತ್ತಿ 90ಕ್ಕೆ ತಂದೆ. ಕೆಂಪು ಸ್ವಿಚ್‌ಗಳಿಗೆ 2,700 ಆಯಿತು. ಕಾರ್ಖಾನೆಯವರು ಹಾಕುವ ಸೀಸರಹಿತ ಬೆಸುಗೆ ಕರಗಲು ಸುಮಾರು 217 ಡಿಗ್ರಿ ಬೇಕು, ಸೀಸವಿರುವ 63-37 ಬೆಸುಗೆ 183ಕ್ಕೇ ಕರಗುತ್ತದೆ, ಆದ್ದರಿಂದ ಹಳೆಯದರ ಮೇಲೆ ಮೊದಲು ಹೊಸದನ್ನು ಸ್ವಲ್ಪ ಕರಗಿಸಿ ಬೆರೆಸಿದರೆ ಎರಡೂ ಸಲೀಸಾಗಿ ಹೊರಬರುತ್ತವೆ. ಇದು ನನಗೆ ಆಗ ಗೊತ್ತಿರಲಿಲ್ಲ. ಐರನ್ನನ್ನು 400ಕ್ಕೆ ಏರಿಸಿ, ಹಟ ಹಿಡಿದು ಒತ್ತಿದೆ. ಮೂರನೆಯ ಸಂಜೆ ‘ಎಫ್’ ಕೀಯ ಕೆಳಗಿನ ತಾಮ್ರದ ಪ್ಯಾಡ್ ಎದ್ದು ಪಂಪಿನೊಳಗೆ ಹೋಯಿತು.

ನುಡಿಯಲ್ಲಿ ಒತ್ತಕ್ಷರ ಬರುವುದೇ ‘ಎಫ್’ನಿಂದ ಎಂದು ಇಲ್ಲಿ ವಿವರಿಸಬೇಕಾಗಿಲ್ಲ. ‘ಕನ್ನಡ’ ಎಂದು ಬರೆಯಹೋದರೆ ‘ಕನನಡ’, ‘ಅಕ್ಕ’ ಎಂದರೆ ‘ಅಕಕ’. ತಂಗಿಯ ಮದುವೆಯ ಆಮಂತ್ರಣ ಪತ್ರಿಕೆ ಟೈಪ್ ಮಾಡಬೇಕಿದ್ದ ವಾರವೇ ಹೀಗಾಯಿತು. ರಿಪೇರಿ ಅಂಗಡಿಯೊಂದರವರು 700 ರೂಪಾಯಿ ತೆಗೆದುಕೊಂಡು, ಹನ್ನೊಂದು ದಿನ ಇಟ್ಟುಕೊಂಡು, ಬೋರ್ಡು ಸತ್ತಿದೆ ಎಂದು ಮರಳಿಸಿದರು. ಸತ್ತಿರಲಿಲ್ಲ. ನಾನೇ ಮಲ್ಟಿಮೀಟರ್ ಹಿಡಿದು ಸರ್ಕ್ಯೂಟಿನ ಗೆರೆಯನ್ನು ಹಿಂಬಾಲಿಸಿ, ಆ ಕಾಲು ಸೇರಬೇಕಾದ ಡಯೋಡ್‌ವರೆಗೆ ಸಣ್ಣ ತಂತಿ ಎಳೆದು ಬೆಸೆದೆ. ನಾಲ್ಕು ವರ್ಷವಾಯಿತು, ಇಂದಿಗೂ ಒತ್ತು ಬೀಳುತ್ತಿದೆ. ಒಟ್ಟು ಖರ್ಚು 5,120. ಆ ತಂತಿಯ ತುಂಡಿನಷ್ಟು ತೃಪ್ತಿ ಕೊಟ್ಟ ಕೆಲಸ ನನ್ನ ಜೀವನದಲ್ಲಿ ಕಡಿಮೆ.

ವಾಸ್ಕೋದಿಂದ:
ಅಕ್ಕನವರೇ, ಮುಲುಂಡಿನ ಸಾಹೇಬರು ಪಟ್ಟ ಪಾಡು ಓದಿ, ನಾನು ಹಾಟ್‌ಸ್ವಾಪ್ (ಸ್ವಿಚ್ ಸಾಕೆಟ್ಟಿನಲ್ಲಿ ಕೂರುವ) ಕೀಬೋರ್ಡನ್ನೇ ಕೊಂಡದ್ದು ಎಷ್ಟು ಒಳ್ಳೆಯದಾಯಿತು ಎನ್ನಿಸಿತು. ಆದರೆ ಸಮುದ್ರದ ಪಕ್ಕದ ಗಾಳಿ ಯಾರನ್ನೂ ಬಿಡುವುದಿಲ್ಲ. ನಮ್ಮ ಕಿಟಕಿ ಬಂದರಿನ ಕಡೆಗಿದೆ. ಎರಡನೆಯ ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಸಲ ಒತ್ತಿದರೆ ಎರಡು ಅಕ್ಷರ ಬೀಳಲು ಶುರುವಾಯಿತು. ಒಳಗಿನ ಲೋಹದ ಎಲೆಗಳು ಸರಿಯಾಗಿ ಕೂಡದೆ ಅದುರಿದರೆ ಕಂಪ್ಯೂಟರ್ ಅದನ್ನು ಎರಡು ಒತ್ತು ಎಂದು ಎಣಿಸುತ್ತದೆ. ಕೀಬೋರ್ಡಿನೊಳಗಿನ ತಂತ್ರಾಂಶವಾದ ಕ್ಯೂಎಂಕೆಯಲ್ಲಿ ಡಿಬೌನ್ಸ್, ಅಂದರೆ ಆ ಅದುರುವಿಕೆಯನ್ನು ಲೆಕ್ಕಕ್ಕಿಡದ ಅವಧಿ, ಮೊದಲಿಗೆ 5 ಮಿಲಿಸೆಕೆಂಡ್ ಇರುತ್ತದೆ, ಅದನ್ನು 10ಕ್ಕೆ ಏರಿಸಿ ಒಂದು ವರ್ಷ ತಳ್ಳಿದೆ. ಆಮೇಲೆ ಅದಕ್ಕೂ ಬಗ್ಗಲಿಲ್ಲ.

ಆಗ ಕೈಲ್ ಕಂಪನಿಯ ಬಾಕ್ಸ್ ಕೆಂಪು ಸ್ವಿಚ್ ಹಾಕಿದೆ. ಅದರಲ್ಲಿ ಸಂಪರ್ಕದ ಭಾಗ ಒಂದು ಪುಟ್ಟ ಪೆಟ್ಟಿಗೆಯೊಳಗೆ ಮುಚ್ಚಿಕೊಂಡಿದೆ, ಧೂಳು ನೀರಿನ ತಡೆಗೆ ಐಪಿ56 ದರ್ಜೆ ಎಂದು ತಯಾರಕರೇ ಹೇಳುತ್ತಾರೆ. ಬದಲಿಸುವಾಗ ಏಳು ಸ್ವಿಚ್‌ಗಳ ಕಾಲು ಮಡಚಿದವು. ಟ್ವೀಜರಿನಿಂದ ನೆಟ್ಟಗೆ ಮಾಡಿದೆ, ಎರಡು ಮುರಿದೇ ಹೋದವು. ಬೋರ್ಡಿನ ಬೆನ್ನಿಗೆ ಬೆರಳು ಕೊಡದೆ ಮೇಲಿನಿಂದ ಒತ್ತಿದ್ದಕ್ಕೆ ಎಂಟರ್ ಕೀಯ ಸಾಕೆಟ್ಟೇ ಕಿತ್ತು ಕೆಳಗೆ ಬಿತ್ತು. ಸಾಕೆಟ್ಟುಗಳಲ್ಲಿ ಹಸಿರು ಕಿಲುಬು ಕಟ್ಟಿತ್ತು, ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒಂದೊಂದಾಗಿ ಒರೆಸಿದೆ. ಈಗ ಮೂರನೆಯ ಮಳೆಗಾಲ, ಒಂದು ಅಕ್ಷರವೂ ಎರಡಾಗಿಲ್ಲ.

ಮುಲುಂಡಿನಿಂದ:
ವಾಸ್ಕೋದವರೇ, ನಿಮ್ಮ ಬರಹವೇ ನನ್ನ ಪರ ಸಾಕ್ಷಿ ಹೇಳುತ್ತಿದೆ. ನಿಮ್ಮ ಸಾಕೆಟ್ಟಿಗೆ ಕಿಲುಬು ಹಿಡಿಯಿತು, ಸಾಕೆಟ್ಟೇ ಕಿತ್ತು ಬಂತು. ನನ್ನ ಬೆಸುಗೆಗಳಲ್ಲಿ ಒಂದೂ ಸಡಿಲವಾಗಿಲ್ಲ. ಸುಲಭವಾಗಿ ಬಿಚ್ಚುವುದು ಸುಲಭವಾಗಿ ಕೆಡುತ್ತದೆ.

ವಾಸ್ಕೋದಿಂದ:
ಕಿತ್ತುಬಂದ ಸಾಕೆಟ್ಟನ್ನು ಎರಡು ಬೆಸುಗೆಯಲ್ಲಿ ಮತ್ತೆ ಕೂರಿಸಿದೆ. ನೀವು 348 ಬಿಚ್ಚಿದಿರಿ. ಲೆಕ್ಕ ನೀವೇ ಹಾಕಿ. ಗಾಳಿಯ ವಿಷಯವನ್ನು ಮಾತ್ರ ಮುಲುಂಡಿನಲ್ಲಿ ಕುಳಿತು ಹೇಳಬೇಡಿ; ಇಲ್ಲಿ ಬಾಗಿಲ ಚಿಲಕವೇ ಎರಡು ವರ್ಷಕ್ಕೆ ತುಕ್ಕು ಹಿಡಿದು ನಿಲ್ಲುತ್ತದೆ.

ಮಾಟುಂಗದಿಂದ:
ಎಲ್ಲರೂ ನೀಲಿಯನ್ನು ಅಪರಾಧಿಯ ಸ್ಥಾನದಲ್ಲಿ ನಿಲ್ಲಿಸಿರುವುದು ನೋಡಿ ಬರೆಯುತ್ತಿದ್ದೇನೆ. ನಾನು ಕನ್ನಡ ಟೈಪ್‌ರೈಟರಿನಲ್ಲಿ ಕಲಿತವನು, ಒತ್ತಿದ್ದಕ್ಕೆ ಉತ್ತರ ಬರದಿದ್ದರೆ ನನ್ನ ಬೆರಳು ಮುಂದಿನ ಅಕ್ಷರಕ್ಕೆ ಹೋಗುವುದಿಲ್ಲ. ಚೆರ್ರಿ ಕಂಪನಿಯ ನೀಲಿಯಲ್ಲಿ ಅಕ್ಷರ ದಾಖಲಾಗುವುದು 2.2 ಮಿ.ಮೀ. ಇಳಿದಾಗ, ತಳ ಇರುವುದು 4 ಮಿ.ಮೀ.ನಲ್ಲಿ. ಮಿಕ್ಕ ದೂರವನ್ನೂ ಗುದ್ದಿ ಮುಗಿಸುವುದರಿಂದಲೇ ಮೇಜು ನಡುಗುವ ಸದ್ದು ಬರುತ್ತದೆ. ಆ ಟಿಕ್ ಎಂಬ ದನಿ ಬಂದೊಡನೆ ಬೆರಳು ಎತ್ತುವುದನ್ನು ನಾನು ಎರಡು ತಿಂಗಳು ಅಭ್ಯಾಸ ಮಾಡಿದೆ, ಕೀಕ್ಯಾಪ್‌ಗಳ (ಕೀಯ ಮೇಲಿನ ಮುಚ್ಚಳ) ಅಡಿಗೆ 250 ರೂಪಾಯಿಯ ರಬ್ಬರ್ ಉಂಗುರ ಹಾಕಿದೆ, ಕೆಳಗೆ ದಪ್ಪ ಕಂಬಳಿ ಮಡಚಿಟ್ಟೆ. ಹನ್ನೆರಡು ವರ್ಷದಿಂದ ನನ್ನ ಮನೆಯವರು ಅದೇ ಕೋಣೆಯಲ್ಲಿ ಮಲಗುತ್ತಿದ್ದಾರೆ.

ಕೊತ್ರೂಡಿನವರಿಗೆ ಒಂದು ಮಾತು. ಉಬ್ಬಿರುವ ಸ್ವಿಚ್‌ನಲ್ಲಿ ಸ್ಟೆಮ್ಮಿನ ಬದಿಯಿಂದ ಚಾಚಿದ ಎರಡು ಕಾಲುಗಳಿಗೆ ಲೂಬ್ ತಾಗಿಸಬಾರದು ಎಂಬುದು ಮೊದಲ ಪಾಠ, ಏಕೆಂದರೆ ಉಬ್ಬು ಇರುವುದೇ ಆ ಕಾಲುಗಳಲ್ಲಿ. ನೀವು ಅದಕ್ಕೇ ಸವರಿ, ಆಮೇಲೆ ಕಂದನ್ನು ಬೈಯುತ್ತಿದ್ದೀರಿ. ಅಲ್ಲದೆ ಚೆರ್ರಿಯವರ ಪೇಟೆಂಟ್ ಅವಧಿ 2014ರ ಸುಮಾರಿಗೆ ಮುಗಿದ ಮೇಲೆ ಅದೇ ಬಣ್ಣದಲ್ಲಿ ಹತ್ತಾರು ತಯಾರಕರು ಸ್ವಿಚ್ ಮಾಡುತ್ತಿದ್ದಾರೆ. ನೀವು ಕೊಂಡ ಕಂದು ಯಾರದೆಂದು ಹೇಳದೆ ಇಡೀ ಬಣ್ಣಕ್ಕೇ ಮಸಿ ಬಳಿಯುವುದು ನ್ಯಾಯವಲ್ಲ.

ಕೊತ್ರೂಡಿನಿಂದ:
ರಾಯರೇ, ಲೂಬ್ ಹಾಕುವ ಮುಂಚೆ ನಾಲ್ಕು ತಿಂಗಳು ಹಾಗೇ ಬಳಸಿದ್ದೇನೆ, ಆಗಲೂ ಉಬ್ಬು ಅಷ್ಟೇ ಇತ್ತು. ಕಾಲಿಗೆ ಸವರಿದ್ದು ತಪ್ಪು, ಒಪ್ಪುತ್ತೇನೆ. ಆದರೆ ಆರು ಗಂಟೆ ಕುಳಿತವನಿಗೆ ಮೊದಲ ಪಾಠ ಹೇಳಿಕೊಡುವ ಧಾಟಿ ನನಗೆ ಒಪ್ಪಿಗೆಯಿಲ್ಲ. ನಿಮ್ಮ ನೀಲಿಯಲ್ಲಿಯೂ ದೋಷವಿದೆ. ಒತ್ತು ದಾಖಲಾಗುವ ಬಿಂದುವಿಗಿಂತ ಬಿಡುಗಡೆಯಾಗುವ ಬಿಂದು ಮೇಲಿರುವುದರಿಂದ, ಅದೇ ಕೀಯನ್ನು ಬೇಗ ಬೇಗ ಎರಡು ಸಲ ಒತ್ತಿದರೆ ಎರಡನೆಯದು ತಪ್ಪಿಹೋಗುತ್ತದೆ. ‘ನ್ನ’, ‘ಲ್ಲ’, ‘ತ್ತ’ ಇಲ್ಲದೆ ಕನ್ನಡದ ಒಂದು ಸಾಲು ಬರೆಯಲು ಸಾಧ್ಯವೇ?

ಮಾಟುಂಗದಿಂದ:
ಅದು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುವವರ ತೊಂದರೆ. ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸದಲ್ಲಿ ‘ನ್ನ’ ಎಂದರೆ ‘ಎನ್’, ‘ಎಫ್’, ‘ಎನ್’. ನಡುವೆ ‘ಎಫ್’ ಬರುವುದರಿಂದ ಒಂದೇ ಕೀಯನ್ನು ಬೆನ್ನುಬೆನ್ನಿಗೆ ಒತ್ತುವ ಪ್ರಮೇಯವೇ ಬರುವುದಿಲ್ಲ. ಕೇಳಿದ ತಾಯಿ ನುಡಿ ಬಳಸುತ್ತೇನೆ ಎಂದು ಮೊದಲ ಸಾಲುಗಳಲ್ಲೇ ಹೇಳಿದ್ದಾರೆ, ಓದಿ ಉತ್ತರಿಸೋಣ.

ಫೋಂಡಾದಿಂದ:
ಯಾರೂ ಹೇಳದ ಒಂದು ಎಚ್ಚರಿಕೆ. ಆಯಸ್ಕಾಂತದ ಸ್ವಿಚ್ ನಯವಾಗಿರುತ್ತದೆ ಎಂದು ಕೇಳಿ 90ರ ಪೆಟ್ಟಿಗೆಯನ್ನು 4,100 ಕೊಟ್ಟು ತರಿಸಿದೆ. ಅದರಲ್ಲಿ ಲೋಹದ ಕಾಲುಗಳೇ ಇಲ್ಲ. ಆಯಸ್ಕಾಂತ ಎಷ್ಟು ಇಳಿಯಿತೆಂದು ಅಳೆಯುವ ಸಂವೇದಕ ಬೋರ್ಡಿನಲ್ಲೇ ಇರಬೇಕು. ನನ್ನ ಸಾಮಾನ್ಯ ಬೋರ್ಡಿನಲ್ಲಿ ಅದಿರಲಿಲ್ಲ. ಪೆಟ್ಟಿಗೆ ಒಡೆದಿದೆ ಎಂದು ಅಂಗಡಿಯವರು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಈಗಲೂ ಕಪಾಟಿನಲ್ಲಿದೆ. ಯಾರಿಗಾದರೂ ಬೇಕಿದ್ದರೆ ಅರ್ಧ ಬೆಲೆಗೆ ಕೊಡುತ್ತೇನೆ.

ಚೆಂಬೂರಿನಿಂದ:
ಅಕ್ಕಾ, ಮೂವರು ಹುಡುಗಿಯರು ಒಂದೇ ಕೋಣೆಯಲ್ಲಿರುವ ಪೇಯಿಂಗ್ ಗೆಸ್ಟ್ ವಾಸದಲ್ಲಿ ನಾನು ರಾತ್ರಿ ಪಾಳಿಯ ಕೆಲಸ ಮಾಡಿದ್ದೇನೆ. ಮಾಟುಂಗದ ಸರ್ ಹೇಳುವ ರಬ್ಬರ್ ಉಂಗುರವನ್ನೂ ಹಾಕಿ ನೋಡಿದೆ. ಅದು ತಳಕ್ಕೆ ಬಡಿಯುವ ಸದ್ದನ್ನು ತಗ್ಗಿಸುತ್ತದೆ, ನೀಲಿಯ ಒಳಗಿನ ಟಿಕ್ ಹಾಗೇ ಉಳಿಯುತ್ತದೆ. ನಿದ್ದೆ ಕೆಡಿಸುವುದು ಆ ಟಿಕ್. ಸಾಮಾನ್ಯ ಕೆಂಪಿನಲ್ಲಿ ಟಿಕ್ ಇಲ್ಲ, ಬಡಿತ ಇದೆ. ಸೈಲೆಂಟ್ ಕೆಂಪಿನಲ್ಲಿ ಸ್ಟೆಮ್ಮಿಗೇ ಮೆತ್ತನೆಯ ಭಾಗ ಸೇರಿಸಿರುವುದರಿಂದ ಇಳಿಯುವಾಗಲೂ ಏಳುವಾಗಲೂ ಬಡಿತ ತಗ್ಗುತ್ತದೆ. ಚೆರ್ರಿಯದರಲ್ಲಿ ಪೂರ್ಣ ಚಲನೆ 3.7 ಮಿ.ಮೀ. ಮಾತ್ರ. ಮೊದಲ ವಾರ ಒದ್ದೆ ಮಣ್ಣನ್ನು ಒತ್ತಿದಂತೆ ಅನಿಸಿ ಅಳು ಬಂತು. ಮೂರನೆಯ ವಾರಕ್ಕೆ ಕೈ ಒಗ್ಗಿತು.

ಅಷ್ಟೆಲ್ಲ ಮಾಡಿದರೂ ಸ್ಪೇಸ್‌ಬಾರ್ ಮಾತ್ರ ಗಡಗಡ ಎನ್ನುತ್ತಿತ್ತು. ಅದು ಸ್ವಿಚ್‌ನದಲ್ಲ, ಉದ್ದ ಕೀ ಓರೆಯಾಗದಂತೆ ಹಿಡಿಯುವ ಸ್ಟೆಬಿಲೈಸರಿನ ತಂತಿಯದು. ತಂತಿಯ ಎರಡು ತುದಿಗೆ ಡೈಎಲೆಕ್ಟ್ರಿಕ್ ಗ್ರೀಸ್ ಹಚ್ಚಿದ ಮೇಲೆ ಅಡಗಿತು. ಇನ್ನೊಂದು ವಿಷಯ: ಐದು ಕಾಲಿನ ಸ್ವಿಚ್ ಬಂದು, ಬೋರ್ಡಿನಲ್ಲಿ ಮೂರಕ್ಕಷ್ಟೇ ತೂತಿದ್ದರೆ, ಪಕ್ಕದ ಎರಡು ಪ್ಲಾಸ್ಟಿಕ್ ಕಾಲುಗಳನ್ನು ಉಗುರು ಕತ್ತರಿಯಿಂದ ಕತ್ತರಿಸಿದರೆ ಸಾಕು. ಮೊದಲು ಒಂದು ಕೀಕ್ಯಾಪ್ ತೆಗೆದು, ಪುಲ್ಲರಿನಿಂದ (ಸ್ವಿಚ್ ಕೀಳುವ ಚಿಮಟ) ಸ್ವಿಚ್‌ನ ಮೇಲೂ ಕೆಳಗೂ ಇರುವ ಕೊಕ್ಕೆಗಳನ್ನು ಒತ್ತಿ ಹಗುರವಾಗಿ ಎತ್ತಿ ನೋಡಿ. ಬಂದರೆ ಸಾಕೆಟ್ಟಿನದು. ಬರದಿದ್ದರೆ ಎಳೆಯಬೇಡಿ.

ಡೊಂಬಿವಲಿಯಿಂದ:
ಎಲ್ಲರಿಗೂ ಕೃತಜ್ಞತೆಗಳು. ಚೆಂಬೂರಿನ ತಂಗಿ ಹೇಳಿದಂತೆ ಎಸ್ಕೇಪ್ ಕೀಯನ್ನು ಎತ್ತಿ ನೋಡಿದೆ. ಸಲೀಸಾಗಿ ಬಂತು, ಕೆಳಗೆ ಸಾಕೆಟ್ ಕಾಣಿಸಿತು. ಸೈಲೆಂಟ್ ಕೆಂಪು ತಲಾ 48 ರೂಪಾಯಿ ಇರುವುದರಿಂದ ಎಂಬತ್ತೇಳಕ್ಕೂ ನನ್ನ ಹಣ ಸಾಲದು. 50 ಸ್ವಿಚ್‌ಗೆ 2,400, ಕೊರಿಯರ್‌ಗೆ 90, ಒಟ್ಟು 2,490 ಕಟ್ಟಿ ತರಿಸಿದ್ದೇನೆ. ಅಕ್ಷರಗಳು, ಅಂಕಿಗಳು, ಶಿಫ್ಟ್, ಎಂಟರ್, ಸ್ಪೇಸ್‌ಬಾರ್ ಮೊದಲಾದವುಗಳಿಗೆ ಹೊಸದು. ಮೇಲಿನ ಸಾಲು, ಬಾಣದ ಕೀಗಳು ಮುಂತಾದ 37ರಲ್ಲಿ ನೀಲಿಯೇ ಇರಲಿ, ರಾತ್ರಿ ಅವನ್ನು ಮುಟ್ಟುವುದು ಅಪರೂಪ. ನಿನ್ನೆ ಹನ್ನೆರಡೂವರೆಯವರೆಗೆ ಕೆಲಸ ಮಾಡಿದೆ. ಅತ್ತೆಯವರು ಬೆಳಿಗ್ಗೆ, ‘ರಾತ್ರಿ ಕೆಲಸ ಇರಲಿಲ್ಲವೇ?’ ಎಂದು ಕೇಳಿದರು.

ಕೊತ್ರೂಡಿನಿಂದ:
ಒಂದೇ ಕೀಬೋರ್ಡಿನಲ್ಲಿ ಎರಡು ತೂಕದ ಸ್ವಿಚ್ ಬೆರೆಸುವುದನ್ನು ನಾನು ಎಂದೂ ಸಹಿಸಲಾರೆ. ಆದರೂ ಎರಡೂವರೆ ಸಾವಿರ ದಾಟದೆ ಮುಗಿಸಿದಿರಲ್ಲ, ಅದು ನನ್ನಿಂದಾಗಲಿಲ್ಲ.

ಮಾಟುಂಗದಿಂದ:
ತಾಯಿ, ತೆಗೆದಿಟ್ಟ ಐವತ್ತು ನೀಲಿಗಳನ್ನು ಎಸೆಯಬೇಡಿ. ತಲಾ ಹತ್ತು ರೂಪಾಯಿಯಂತೆ ನಾನು ಕೊಳ್ಳುತ್ತೇನೆ. ಕೊರಿಯರ್ ಖರ್ಚು ಬೇಡ, ಬರುವ ಭಾನುವಾರ ಲೋಕಲ್ಲಿನಲ್ಲಿ ಡೊಂಬಿವಲಿ ಸ್ಟೇಷನ್ನಿಗೆ ನಾನೇ ಬರುತ್ತೇನೆ. ಕಾಲುಗಳು ಮಡಚದಂತೆ ಗಟ್ಟಿ ಡಬ್ಬಿಯಲ್ಲಿ ಹಾಕಿಡಿ.