ಬೇಲ್‌ಗೆ ಡಿಅಡಿಕ್ಷನ್ (ಚಟ ಬಿಡಿಸೋ) ಚಿಕಿತ್ಸೆ ಷರತ್ತು: ಒಪ್ಕೋಬೇಕಾ ಬೇಡ್ವಾ?

ನಿಟ್ಟುವಳ್ಳಿ ಅಕ್ಕ:
ನನ್ನ ತಮ್ಮ ಗಾಂಜಾ ಕೇಸಲ್ಲಿ ಸಿಕ್ಕಾಕ್ಕೊಂಡಾನೆ, ಜೇಬಲ್ಲಿದ್ದಿದ್ದು ಒಂದು ಸಣ್ಣ ಪೊಟ್ಟಣ, ಮಾರೋನಲ್ಲ ಸೇದೋನು. ಇಲ್ಲಿ ದಾವಣಗೆರೆ ಕೋರ್ಟಲ್ಲಿ ಬೇಲ್ ಅರ್ಜಿ ಹಾಕ್ಬೇಕು, ವಕೀಲರು "ಚಿಕಿತ್ಸೆ ತಗೋತಾನೆ ಅಂತ ನಾವೇ ಬರ್ಕೊಡೋಣ" ಅಂತಾರೆ. ಅಪ್ಪಾಜಿಗೆ ಭಯ, ಮಧ್ಯದಲ್ಲಿ ಬಿಟ್ರೆ ಬೇಲೂ ಹೋಯ್ತು, ಶ್ಯೂರಿಟಿ ನಿಂತ ಮಾವನಿಗೂ ತೊಂದ್ರೆ ಅಂತ. ಏನ್ಮಾಡ್ಲಿ ಹೇಳ್ರಿ.

ಕೋರ್ಟ್ ಕಟ್ಟೆ:
ಅಕ್ಕ, ಗಾಂಜಾ 1 ಕೆಜಿವರೆಗೂ ಸಣ್ಣ ಪ್ರಮಾಣ, ಕಮರ್ಷಿಯಲ್ (ವ್ಯಾಪಾರದ ಪ್ರಮಾಣ) ಅನ್ನೋದು 20 ಕೆಜಿ ಮೇಲಿನ ಲೆಕ್ಕ. ಎನ್‌ಡಿಪಿಎಸ್ ಅಂದ್ರೆ ಮಾದಕ ವಸ್ತು ಕಾಯ್ದೆ, ಅದ್ರ 37ನೇ ಸೆಕ್ಷನ್ ಬೇಲ್ ಕೊಡೋಕೆ ಹಾಕಿರೋ ಬಿಗಿ ಇರೋದು ಅಂಥ ದೊಡ್ಡ ಕೇಸಿಗೆ, ನಿಮ್ಮದಕ್ಕಲ್ಲ. ಬರ್ಕೊಡ್ರಿ, ಆದ್ರೆ ಏನ್ ಬರೀತಾರೆ ಅಂತ ನೋಡ್ರಿ. "ಇನ್ಮೇಲೆ ಮುಟ್ಟೋದೇ ಇಲ್ಲ" ಅಂತ ಬೇಡ. "ಡಾಕ್ಟ್ರು ಕರೆದ ದಿನ ಹೋಗ್ತಾನೆ, ಚೀಟಿ ತಂದು ಕೋರ್ಟಿಗೆ ಕೊಡ್ತಾನೆ" ಅಂತಿರ್ಲಿ, ಇದು ಅವನ ಕೈಲಿರೋ ಮಾತು. ಅದೇ ಕಾಯ್ದೆಯ 64ಎ ಸೆಕ್ಷನ್ ಬಗ್ಗೆನೂ ವಕೀಲರನ್ನ ಕೇಳ್ರಿ, ಸೇದೋ ಚಟದೋನು ತಾನಾಗೇ ಚಿಕಿತ್ಸೆಗೆ ಹೋದ್ರೆ ಆ ಕೇಸಿಂದ್ಲೇ ವಿನಾಯಿತಿ ಸಿಗುತ್ತೆ, ಅರ್ಧಕ್ಕೆ ಬಿಟ್ರೆ ಅದನ್ನ ವಾಪಸ್ ತಗೋಬಹುದು. ಆಸ್ಪತ್ರೆ ಸರ್ಕಾರದ್ದು ಇಲ್ಲಾ ಸರ್ಕಾರ ಮಾನ್ಯ ಮಾಡಿರೋದೇ ಆಗ್ಬೇಕು.

ಚನ್ನಗಿರಿ ತಾಯಿ:
ಆಸ್ಪತ್ರೆ ಮಾತು ನಿಜ ಕಣಮ್ಮ. ನಾವು ಮಗನ್ನ ಒಂದು ಖಾಸಗಿ ಸೆಂಟರಿಗೆ ಹಾಕಿದ್ವಿ, ದುಡ್ಡು ಮೊದ್ಲೇ ಕಟ್ಟಿಸ್ಕೊಂಡ್ರು, ಡಾಕ್ಟ್ರ ಮುಖನೇ ಕಾಣ್ಲಿಲ್ಲ, ರೂಮಿಗೆ ಹೊರಗಿಂದ ಚಿಲಕ. ಕೊಟ್ಟ ಕಾಗದದಲ್ಲಿ ಸೀಲೂ ಇಲ್ಲ ಡಾಕ್ಟ್ರ ಸಹಿನೂ ಇಲ್ಲ, ಕೋರ್ಟಲ್ಲಿ ಅದಕ್ಕೆ ಮೂರು ಕಾಸಿನ ಬೆಲೆ ಸಿಗ್ಲಿಲ್ಲ. ಆದ್ರೂ ಷರತ್ತು ಬೇಡ ಅನ್ನಲ್ಲ ನಾನು, ನಮ್ಮ ಮಾತು ಕೇಳದೋನು ಜಡ್ಜ್ ಹೇಳಿದ್ಮೇಲೇ ಆಸ್ಪತ್ರೆ ಮೆಟ್ಲು ಹತ್ತಿದ್ದು.

ವಾರ್ಡ್ ಸಿಸ್ಟರ್:
ಯೂರಿನ್ ಟೆಸ್ಟ್ ಷರತ್ತು ಹಾಕಿದ್ರೆ ಒಂದು ಗೊತ್ತಿರ್ಲಿ, ದಿನಾ ಸೇದ್ತಿದ್ದೋರಿಗೆ ಬಿಟ್ಟು ವಾರಗಟ್ಟಲೆ ಆದ್ರೂ ಪಾಸಿಟಿವ್ ಬರ್ಬಹುದು. ಅದನ್ನ ನೋಡಿ ಸುಳ್ಳ ಅಂದ್ಬಿಟ್ರೆ ಹುಡುಗ ಚಿಕಿತ್ಸೆನೇ ಬಿಡ್ತಾನೆ. ಶುರುವಲ್ಲಿ ನಿದ್ದೆ ಬರಲ್ಲ, ಊಟ ಸೇರಲ್ಲ, ಸುಮ್ಸುಮ್ನೆ ಸಿಟ್ಟು, ಆಗ ಮನೇಲಿ ಯಾರೂ ಬೈಬೇಡ್ರಿ ದಯವಿಟ್ಟು. ಮತ್ತೆ ಒಂದ್ಸಲ ಸೇದಿದ್ರೂ ಮುಚ್ಚಿಡದೆ ಡಾಕ್ಟ್ರಿಗೆ ಹೇಳ್ಲಿ. ಚಿಗಟೇರಿ ಜಿಲ್ಲಾಸ್ಪತ್ರೆಲೇ ಕೇಳಿ ನೋಡ್ರಿ, ಚಟ ಬಿಡಿಸೋ ಸಹಾಯವಾಣಿ 14446ಕ್ಕೆ ಫ್ರೀಯಾಗಿ ಫೋನೂ ಮಾಡ್ಬಹುದು.

ನಿಟ್ಟುವಳ್ಳಿ ಅಕ್ಕ:
ಎಲ್ರಿಗೂ ಥ್ಯಾಂಕ್ಸ್. ಮಾವನ ವಿಷ್ಯ?

ಕೋರ್ಟ್ ಕಟ್ಟೆ:
ಶ್ಯೂರಿಟಿ ಮುಖ್ಯವಾಗಿ ತಾರೀಕಿಗೆ ಹಾಜರಾಗೋಕೆ ಅಕ್ಕ. ಒಂದು ದಿನ ಆಸ್ಪತ್ರೆ ತಪ್ಪಿದ್ರೆ ಬೇಲ್ ತಾನಾಗೇ ಹೋಗಲ್ಲ, ಸಾಮಾನ್ಯವಾಗಿ ಸರ್ಕಾರಿ ವಕೀಲರು ರದ್ದು ಮಾಡಿ ಅಂತ ಅರ್ಜಿ ಹಾಕ್ಬೇಕು, ನಿಮ್ಮ ಮಾತೂ ಜಡ್ಜ್ ಕೇಳ್ತಾರೆ. ಅವತ್ತು ಕೈಲಿರ್ಬೇಕಾದ್ದು ಆ ಚೀಟಿಗಳು, ಒಂದೂ ಬಿಡ್ದೆ ಜೆರಾಕ್ಸ್ ಮಾಡ್ಸಿಟ್ಕೊಳ್ರಿ.